ಕಾಫಿ ಸೆಂಟು ಹಚ್ಚಿಕೊಳ್ಳುವ ಹೊತ್ತು

ಅಕ್ಟೋಬರ್ 1, ಮಂಗಳವಾರ

ಈ ಪುಸ್ತಕ ಕಂಪನಿಯದು. ಸೆಂಟಿನ ಕೌಂಟರಿನಲ್ಲಿ ನಿಲ್ಲುವ ನಾಲ್ಕೂ ಜನಕ್ಕೆ ಒಂದೊಂದು ಕೊಟ್ಟಿದ್ದಾರೆ. ಮೊದಲ ಹಾಳೆಯಲ್ಲಿ ದಿನವೂ ಸೆಂಟು ಹಚ್ಚಿದ ಗಂಟೆ, ವಾಸನೆ ಹೋದ ಗಂಟೆ ಬರೆಯಬೇಕಂತೆ. ತಿಂಗಳ ಕೊನೆಗೆ ಆ ಹಾಳೆ ಹರಿದು ಕೊಟ್ಟರೆ ಆಯಿತು. ಎರಡು ಅಂಕಿಗೆ ಇಷ್ಟು ದಪ್ಪ ಪುಸ್ತಕ ಯಾಕೆ ಬೇಕೋ ದೇವರೇ ಬಲ್ಲ. ಉಳಿದ ಹಾಳೆಗಳು ನನ್ನವು ಎಂದು ನಾನೇ ತೀರ್ಮಾನಿಸಿದ್ದೇನೆ. ಊಟದ ಬಿಡುವಿನಲ್ಲಿ ಉಗ್ರಾಣದ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಬರೆಯುತ್ತಿದ್ದೇನೆ.

ಹೊಸ ಸರಕು ಹೆಂಗಸರಿಗಾಗಿ ಮಾಡಿದ ಕಾಫಿ ವಾಸನೆಯ ಸೆಂಟು. ಸೀಸೆಗೆ ಕೆಮ್ಮಿನ ಔಷಧದ ಬಣ್ಣ. ಹಚ್ಚಿದ ಐದು ನಿಮಿಷ ಕಿತ್ತಳೆ ಸಿಪ್ಪೆ, ಆಮೇಲೆ ಹುರಿದ ಕಾಫಿ ಬೀಜ, ಕೊನೆಗೆ ಸುಟ್ಟ ಸಕ್ಕರೆ, ಮರದ ಪುಡಿ. ಆ ಕೊನೆಯದು ಹದಿನಾಲ್ಕು ಗಂಟೆ ಚರ್ಮ ಬಿಡುವುದಿಲ್ಲವಂತೆ. ಬೆಳಿಗ್ಗೆ ನಮ್ಮ ಮೇಲ್ವಿಚಾರಕಿ ಭಾಷಣ ಮಾಡಿದರು. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದರಿಂದ ಅವರಿಗೆ ನಾವು ಇಟ್ಟಿರುವ ಹೆಸರು ಗಡಿಯಾರ. "ಈ ತಿಂಗಳು ಪೂರ್ತಿ ಇದೊಂದೇ. ಕೈಗೆ, ಕಿವಿ ಹಿಂದೆ, ಕೂದ್ಲಿಗೆ. ನೀವೇ ನಡೆದಾಡೋ ಸ್ಯಾಂಪಲ್ಲು, ಗೊತ್ತಾಯ್ತಾ?" ಅಂದರು. ನಲವತ್ತನಾಲ್ಕನೇ ವಯಸ್ಸಿಗೆ ಸ್ಯಾಂಪಲ್ಲಾದೆ. ಬಡ್ತಿ ಅಂದರೆ ಇದೇ ಇರಬೇಕು.

ಜೊತೆಗೆ ಒಂದು ಚೀಟಿ ಕೊಟ್ಟಿದ್ದಾರೆ, ಯಾವಾಗ ಹಚ್ಚಿಕೊಳ್ಳಬೇಕು ಎಂದು. ತಂಪು ಹೊತ್ತಿನಲ್ಲಿ. ಸಂಜೆಯ ಕಡೆಗೆ. ಯಾರಾದರೂ ಪಕ್ಕದಲ್ಲಿ ಬಂದು ಕೂರಲಿ ಅನ್ನಿಸಿದಾಗ. ಸುಡು ಬಿಸಿಲಲ್ಲಿ ಬೇಡ, ಇಕ್ಕಟ್ಟಾದ ಕೋಣೆಯಲ್ಲಿ ಬೇಡ. ಇದನ್ನು ಬಾಯಿಪಾಠ ಮಾಡಬೇಕು.

ನಾಡಿದ್ದು ಗುರುವಾರ ನನ್ನ ವಾರದ ರಜೆ. ಆದರೆ ಹೊಸ ಸರಕಿನ ಗಲಾಟೆ ಎಂದು ಈ ವಾರ ಅರ್ಧ ದಿನ ಬರಲು ಹೇಳಿದ್ದಾರೆ. ಮಧ್ಯಾಹ್ನ ಮುಗಿಸಿ ಅಕ್ಕನನ್ನು ನೋಡಲು ಆಸ್ಪತ್ರೆಗೆ ಹೋಗಬೇಕು. ಸೇರಿಸಿ ಒಂದು ತಿಂಗಳಾಯಿತು, ನಾನು ಇನ್ನೂ ಮುಖ ತೋರಿಸಿಲ್ಲ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಒಂಬತ್ತು. ಅಲ್ಲಿಂದಾಚೆ ನನ್ನ ತಲೆ ಬಾಚಿದ್ದು, ಲೆಕ್ಕ ಹೇಳಿಕೊಟ್ಟದ್ದು, ತಪ್ಪಿದರೆ ಬೆನ್ನಿಗೆ ಗುದ್ದಿದ್ದು ಎಲ್ಲ ಅವಳೇ. ಊರಿನ ಅರ್ಧ ಮಕ್ಕಳಿಗೆ ಗಣಿತ ಕಲಿಸಿದ ಟೀಚರು. ಹೊಟ್ಟೆಯಲ್ಲಿ ಗಡ್ಡೆ. ಡ್ರಿಪ್ಪಿನಲ್ಲಿ ಔಷಧ ಕೊಡುತ್ತಿದ್ದಾರೆ. ಡಾಕ್ಟರು ಭಾವನಿಗೆ "ನೋಡೋಣ" ಅಂದರಂತೆ. ಆ ಮಾತು ನನಗೆ ಹಿಡಿಸಲಿಲ್ಲ. ಸರಕು ಬರುವುದಿಲ್ಲ ಎಂದು ಗೊತ್ತಿದ್ದಾಗ ನಾವೂ ಗಿರಾಕಿಗೆ ಅದನ್ನೇ ಹೇಳುತ್ತೇವೆ.

ಅಕ್ಟೋಬರ್ 3, ಗುರುವಾರ

ಹೋಗಿ ಬಂದೆ. ಬಂದೆ ಅನ್ನುವುದಕ್ಕಿಂತ ಓಡಿಸಿಕೊಂಡೆ.

ಮೂರನೇ ಮಹಡಿ, ಕೊನೆಯ ಕೋಣೆ. ಬಾಗಿಲು ತೆರೆದೇ ಇತ್ತು. ಹಾಸಿಗೆಯ ಮೇಲೆ ಯಾರೋ ಮುದುಕಿ ಮಲಗಿದ್ದಾಳೆ, ಕೋಣೆ ತಪ್ಪಿತೇನೋ ಅಂದುಕೊಂಡೆ. ತಲೆಯಲ್ಲಿ ಒಂದು ಕೂದಲಿಲ್ಲ. ಕೈ ನೋಡಿದರೆ ಬಳೆ ಮೊಳಕೈ ದಾಟಿ ಹೋಗುವ ಹಾಗಿತ್ತು. ಆ ಮುದುಕಿ ನನ್ನ ಕಡೆ ತಿರುಗಿದಳು. ಕಣ್ಣು ಮಾತ್ರ ಅಕ್ಕನದು. ನಾನು ಎಷ್ಟು ಹೊತ್ತು ಹೊಸ್ತಿಲಲ್ಲಿ ನಿಂತಿದ್ದೆನೋ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭಾವ ಔಷಧದ ಅಂಗಡಿಗೆ ಹೋಗಿದ್ದರು, ಅಕ್ಕನ ಮಗಳು ಪುಟ್ಟಿ ಕಾಲೇಜಿನಿಂದ ಬಂದಿರಲಿಲ್ಲ.

ಅಕ್ಕ ಇದ್ದಕ್ಕಿದ್ದಂತೆ ಮೂಗು ಮುಚ್ಚಿಕೊಂಡಳು. "ಏನೇ ಅದು ವಾಸ್ನೆ? ಕಾಫೀನಾ? ಅಯ್ಯೋ, ಈ ಔಷಧಿ ಶುರುವಾದಾಗಿಂದ ಕಾಫಿ ವಾಸ್ನೆ ಅಂದ್ರೆ ಹೊಟ್ಟೆ ತೊಳಸತ್ತೆ. ಹೋಗೇ ಕೋತಿ, ಆ ಕಡೆ ಹೋಗು. ಆ ವಾಸ್ನೆ ಹೋದ್ಮೇಲೆ ಬಾ."

ಕಾರಿಡಾರಿನ ಬೆಂಚಿನಲ್ಲಿ ಕೂತು ಅತ್ತೆ. ಒಡಹುಟ್ಟಿದವಳ ಪಕ್ಕ ಕೂರಲಾಗದ ಹಾಗೆ ಮಾಡಿದ ಈ ಕೆಲಸಕ್ಕೆ ಬೆಂಕಿ ಬೀಳಲಿ.

ಅಕ್ಟೋಬರ್ 4, ಶುಕ್ರವಾರ

ಬೆಳಿಗ್ಗೆ ಮೂರು ಸಲ ಸೋಪು ಹಾಕಿ ಉಜ್ಜಿದೆ. ಹೋಯಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಇದು ನಮ್ಮ ಕಸುಬಿನ ಶಾಪ. ಮೈಮೇಲಿನ ವಾಸನೆ ಅರ್ಧ ಗಂಟೆಯಲ್ಲಿ ನಮ್ಮ ಮೂಗಿಗೆ ಸತ್ತುಹೋಗುತ್ತದೆ, ಪಕ್ಕದವರಿಗೆ ಮಾತ್ರ ಬದುಕಿರುತ್ತದೆ. ಎದುರಿನ ಲಿಪ್‌ಸ್ಟಿಕ್ ಕೌಂಟರಿನ ಹುಡುಗಿಗೆ ಕತ್ತು ಮೂಸಲು ಹೇಳಿದೆ. "ಅಕ್ಕಾ, ಕಾಫಿ ಅಂಗಡಿ ಬಾಗ್ಲು ತೆಗೆದ ಹಾಗಿದೆ" ಅಂದಳು.

ಗಡಿಯಾರದ ಹತ್ತಿರ ಹೋಗಿ ಜಗಳವಾಡಿದೆ. ಅಕ್ಕನಿಗೆ ಹೀಗಾಗಿದೆ, ನನಗೊಬ್ಬಳಿಗೆ ವಿನಾಯಿತಿ ಕೊಡಿ ಅಂದೆ. "ಒಂದು ತಿಂಗ್ಳು ತಾನೇ" ಅಂದರು. ಒಂದು ತಿಂಗಳಂತೆ! ಅವರ ಮನೆಯವರು ಯಾರಾದರೂ ಹೀಗೆ ಮಲಗಿದ್ದರೆ ತಿಂಗಳು ಎಷ್ಟು ಉದ್ದ ಎಂದು ಗೊತ್ತಾಗುತ್ತಿತ್ತು. ನನ್ನ ದನಿ ಏರಿ, ಗಿರಾಕಿಗಳು ತಿರುಗಿ ನೋಡಿದರು. ನೋಡಲಿ.

ಅಕ್ಟೋಬರ್ 8, ಮಂಗಳವಾರ

ಗಡಿಯಾರ ತಾನಾಗಿಯೇ ಬಂದರು. ಕೈಯಲ್ಲೊಂದು ಬಟ್ಟೆಯ ಪಟ್ಟಿ. "ಮೈಗೆ ಹಚ್ಬೇಡಿ. ಇದಕ್ಕೆ ಹಚ್ಚಿ ಅಂಗಡಿ ಕೋಟಿಗೆ ಪಿನ್ನು ಹಾಕ್ಕೊಳಿ, ಹೋಗುವಾಗ ಬಿಚ್ಚಿಟ್ಟು ಹೋಗಿ. ಆಸ್ಪತ್ರೆಗೆ ಹೋಗ್ಬೇಕಲ್ಲ ನೀವು" ಅಂದರು. ಇಷ್ಟು ಒಳ್ಳೆಯತನ ಅವರಲ್ಲಿ ಎಲ್ಲಿತ್ತೋ.

ಯೋಚಿಸಿ, ಬೇಡವೆಂದೆ. ಬಟ್ಟೆಯ ಮೇಲಿನ ವಾಸನೆಯೇ ಬೇರೆ, ಚರ್ಮದ ಮೇಲಿನದೇ ಬೇರೆ. ಗಿರಾಕಿಗಳಿಗೆ ಮೋಸವಾಗುತ್ತದೆ. ಅಲ್ಲದೆ ನನಗೊಬ್ಬಳಿಗೆ ರಿಯಾಯಿತಿ ಎಂದರೆ ಉಳಿದ ಮೂವರು ಏನೆಂದುಕೊಳ್ಳುತ್ತಾರೆ? ಮಾಡುವ ಕೆಲಸ ನೆಟ್ಟಗೆ ಮಾಡಬೇಕು. ಅಕ್ಕನೇ ಕಲಿಸಿದ್ದು.

ಅಕ್ಟೋಬರ್ 13, ಭಾನುವಾರ

ಈ ವಾರ ಅತಿ ಹೆಚ್ಚು ಸೀಸೆ ಮಾರಿದ್ದು ನಾನು. ಚೀಟಿಯಲ್ಲಿ ಇರುವುದನ್ನು ಗಿಳಿಯ ಹಾಗೆ ಒಪ್ಪಿಸಿದರೆ ಯಾರೂ ಕೊಳ್ಳುವುದಿಲ್ಲ. ಮೊದಲು ಮನುಷ್ಯರನ್ನು ನೋಡಬೇಕು. ಇವತ್ತೊಬ್ಬ ಹೆಂಗಸು ಬಂದರು, ಬ್ಯಾಂಕಿನಿಂದ ನಿವೃತ್ತರಂತೆ. "ನನ್ನ ವಯಸ್ಸಿಗೆ ಇದೆಲ್ಲ ಯಾವಾಗ ಹಚ್ಕೊಳೋದಮ್ಮ?" ಎಂದು ನಕ್ಕರು. "ಸ್ನಾನ ಆಗಿ ಕಾಲು ಗಂಟೆ ಬಿಡಿ. ಸಂಜೆ ಕಿಟಕಿ ಪಕ್ಕ ಕೂರ್ತೀರಲ್ಲ, ಆಗ ಹಚ್ಕೊಳಿ. ಯಾರಿಗೋಸ್ಕರಾನೂ ಅಲ್ಲ" ಅಂದೆ. ಎರಡು ಸೀಸೆ ಕೊಂಡರು. ಕಾಫಿ ವಾಸನೆ ಅಂದರೆ ಬೇರೆ ಸೆಂಟಿನ ಹಾಗೆ ನಾಚಿಕೆ ಹುಟ್ಟಿಸುವುದಿಲ್ಲ, ಅದೇ ಅದರ ಗುಟ್ಟು. ಇನ್ನೊಬ್ಬಳು ಮದುವೆಯಾಗುವ ಹುಡುಗಿ, ಹಗಲೆಲ್ಲ ಹಚ್ಚಿಕೊಂಡು ಓಡಾಡುತ್ತೇನೆ ಅಂದಳು. ಬೇಡ ಅಂದೆ. ಬಿಸಿಲಿಗೆ ಈ ವಾಸನೆ ಸೀದುಹೋಗುತ್ತದೆ. ಗಡಿಯಾರ ದೂರದಿಂದ ಕೇಳಿಸಿಕೊಂಡು ತಲೆದೂಗಿದರು.

ಮೊನ್ನೆ ಗುರುವಾರ ಆಸ್ಪತ್ರೆಯ ಗೇಟಿನವರೆಗೆ ಹೋಗಿದ್ದೆ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟೇ ಹೋಗಿದ್ದೆ. ಆದರೂ ಅನುಮಾನ. ಗೇಟಿನ ಕಾವಲುಗಾರರ ಹತ್ತಿರ ನಿಂತು, "ನನ್ ಮೇಲೆ ಏನಾದ್ರೂ ವಾಸ್ನೆ ಬರ್ತಿದ್ಯಾ?" ಎಂದು ಕೇಳಿದೆ. ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋದರು. ಮತ್ತೆ ಕೇಳಿದ್ದಕ್ಕೆ, "ಏನೋ ಬರ್ತಿದೆಯಮ್ಮ, ಒಳ್ಳೆ ವಾಸ್ನೇನೇ" ಅಂದರು. ಅಷ್ಟು ಸಾಕಾಯಿತು. ತಿರುಗಿ ಬಂದೆ. ಅಕ್ಕನಿಗೆ ವಾಂತಿ ಮಾಡಿಸಿ ನಾನು ಯಾವ ಸುಖ ಪಡಲಿ?

ಪುಟ್ಟಿ ಫೋನು ಮಾಡಿದ್ದಳು. ಅಕ್ಕನ ಒಬ್ಬಳೇ ಮಗಳು. ಇಪ್ಪತ್ತು ವರ್ಷವಾದರೂ ನಮಗೆಲ್ಲ ಪುಟ್ಟಿಯೇ. "ಚಿಕ್ಕಮ್ಮ, ಯಾವಾಗ ಬರ್ತೀರಾ?" ಅಂದಳು. "ಸೆಂಟಿನ ವಾಸ್ನೆ ಇದೆಯಲ್ಲೇ, ನಿಮ್ಮಮ್ಮಂಗೆ ಆಗಲ್ಲ" ಅಂದೆ. "ಸರಿ" ಎಂದು ಫೋನಿಟ್ಟಳು. ಈಗಿನ ಮಕ್ಕಳಿಗೆ ನಮ್ಮ ಕಷ್ಟ ಅರ್ಥವಾಗುವುದಿಲ್ಲ.

ಅಕ್ಟೋಬರ್ 17, ಗುರುವಾರ

ರಜೆ. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದೆ. ರಜೆಯ ದಿನ ಹಚ್ಚಬೇಕೆಂದು ಯಾರೂ ಹೇಳಿಲ್ಲ. ಆದರೆ ಮೊದಲ ಹಾಳೆಯಲ್ಲಿ ಒಂದು ಸಾಲು ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ.

ಹಚ್ಚಿದ ಮೇಲೆ ಆಸ್ಪತ್ರೆಗೆ ಹೇಗೆ ಹೋಗುವುದು? ಮನೆಯ ಕಪಾಟುಗಳನ್ನೆಲ್ಲ ತೆಗೆದು ಒರೆಸಿದೆ.

ಅಕ್ಟೋಬರ್ 25, ಶುಕ್ರವಾರ

ಭಾವ ಅಂಗಡಿಗೆ ಬಂದಿದ್ದರು. ಅಕ್ಕನಿಗೆಂದು ಎರಡು ಮೆತ್ತನೆಯ ಹತ್ತಿ ಟೋಪಿ ತಂದಿಟ್ಟಿದ್ದೆ, ಅದನ್ನು ಒಯ್ಯಲು ನಾನೇ ಕರೆಸಿದ್ದು. ಭಾವ ದರ್ಜಿ. ಟೋಪಿ ಬೇಕಿದ್ದರೆ ಹತ್ತು ಹೊಲಿಯುತ್ತಿದ್ದರು. ಆದರೂ ತೆಗೆದುಕೊಂಡರು, ಹೊಲಿಗೆಯನ್ನು ಮಾತ್ರ ಒಮ್ಮೆ ಉಗುರಿನಿಂದ ಎಳೆದು ನೋಡಿದರು. ಗಾಜಿನ ಸೀಸೆಗಳ ಮಧ್ಯೆ ಎಲ್ಲಿ ಕೈ ತಗುಲುವುದೋ ಎಂದು ತೋಳು ಮೈಗಂಟಿಸಿ ನಿಂತಿದ್ದರು. ಬಹಳ ಇಳಿದುಹೋಗಿದ್ದಾರೆ.

"ಅವಳು ನಿನ್ನ ಕೇಳ್ತಿರ್ತಾಳಮ್ಮ" ಅಂದರು.

"ನಂಗೆ ಮಾತ್ರ ಬರೋ ಆಸೆ ಇಲ್ವಾ ಭಾವ? ಈ ವಾಸ್ನೆ ನೋಡಿ" ಎಂದು ಕೈ ಚಾಚಿದೆ.

ಅವರು ಬಗ್ಗಿ ಮೂಸಿದರು. "ನಂಗೇನೂ ಅಂಥಾ ವಾಸ್ನೆ ಬರ್ತಿಲ್ವಲ್ಲ."

"ಗಂಡಸ್ರ ಮೂಗೇ ಅಷ್ಟು. ಅದ್ರಲ್ಲೂ ನಿಮ್ಗೆ ಬರೀ ಇಸ್ತ್ರಿ ವಾಸ್ನೆ ಗೊತ್ತು" ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ. ಟೋಪಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಮನುಷ್ಯ ಮೊದಲಿನಿಂದಲೂ ಅಷ್ಟೇ, ಮಾತು ಮುಗಿಸದೆ ಹೋಗಿಬಿಡುತ್ತಾರೆ.

ನವೆಂಬರ್ 1, ಶುಕ್ರವಾರ

ಕಾಫಿಯ ತಿಂಗಳು ಮುಗಿಯಿತು. ಮೊದಲ ಹಾಳೆ ಹರಿದು ಕೊಟ್ಟೆ. ಮೂವತ್ತೊಂದು ದಿನವೂ ತುಂಬಿದ್ದು ನನ್ನದೊಂದೇ ಎಂದು ಗಡಿಯಾರ ಎಲ್ಲರೆದುರು ಎತ್ತಿ ತೋರಿಸಿದರು.

ಇನ್ನು ನಿಂಬೆಯ ಸೆಂಟು. ಉಳಿದ ಮೂವರೂ ಅದಕ್ಕೆ ಬದಲಾದರು. ನನ್ನ ಚರ್ಮಕ್ಕೆ ನಿಂಬೆ ಆಗಿಬರುವುದಿಲ್ಲ, ಹುಳಿ ಹೊಡೆಯುತ್ತದೆ. ಗಡಿಯಾರವನ್ನು ಕೇಳಿದರೆ, ಈ ಸಲ ನಿಯಮವೇನಿಲ್ಲ, ಯಾವುದು ಬೇಕಾದರೂ ಹಚ್ಚಿಕೊಳ್ಳಿ, ಏನೂ ಹಚ್ಚದಿದ್ದರೂ ಸರಿ ಅಂದರು. ಕಾಫಿಯದೇ ಒಂದು ದೊಡ್ಡ ಸೀಸೆ ನನಗಾಗಿ ಕೊಂಡುಕೊಂಡೆ. ಅಭ್ಯಾಸವಾಗಿದೆ.

ನವೆಂಬರ್ 9, ಶನಿವಾರ

ಪುಟ್ಟಿಯ ಫೋನು. ಔಷಧ ನಿಲ್ಲಿಸಿದರಂತೆ. ಇನ್ನು ಕೊಟ್ಟು ಪ್ರಯೋಜನವಿಲ್ಲ ಅಂದರಂತೆ. ನಿನ್ನೆ ಅಕ್ಕನನ್ನು ಮನೆಗೆ ಕರೆತಂದಿದ್ದಾರೆ.

ಅವರ ಮನೆ ಚಿಕ್ಕದು. ಅಕ್ಕ ಮಲಗುವ ಕೋಣೆಗೆ ಒಂದೇ ಕಿಟಕಿ. ಅಲ್ಲಿ ವಾಸನೆ ನಿಂತುಬಿಡುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಬೇಡ ಎಂದು ಚೀಟಿಯಲ್ಲೂ ಇದೆ.

ನವೆಂಬರ್ 16, ಶನಿವಾರ

ಪುಟ್ಟಿ ಅಂಗಡಿಗೇ ಬಂದಳು. ಹೇಳದೆ ಕೇಳದೆ, ಗಿರಾಕಿಯ ಹಾಗೆ ಕೌಂಟರಿನ ಮುಂದೆ ಬಂದು ನಿಂತಳು. ತಲೆ ಬಾಚಿರಲಿಲ್ಲ.

"ಯಾಕೆ ಬರ್ತಿಲ್ಲ ಚಿಕ್ಕಮ್ಮ?"

"ಹೇಳಿದ್ನಲ್ಲೇ, ವಾಸ್ನೆ."

"ಇಲ್ಲಿ ಎಲ್ಲರ ಮೇಲೂ ನಿಂಬೆಹಣ್ಣಿನ ವಾಸ್ನೆ ಬರ್ತಿದೆ. ನಿಮ್ದೊಂದೇ ಬೇರೆ. ಯಾಕೆ?"

ಚರ್ಮ, ನಿಂಬೆ, ಹುಳಿ ಎಂದು ಏನೋ ಹೇಳತೊಡಗಿದೆ. ಅವಳು ನನ್ನ ಕೈ ಹಿಡಿದು ಮೂಗಿಗೆ ತಂದುಕೊಂಡಳು. ಒಂದು ಕ್ಷಣ ತಲೆ ಎತ್ತಲಿಲ್ಲ. "ಇದು ಕಾಫಿ ಅಲ್ವಾ?" ಅಂದಳು. "ಹೂಂ. ನಿಮ್ಮಮ್ಮಂಗೆ ಕಾಫಿ ವಾಸ್ನೆ ಬಂದ್ರೆ ವಾಂತಿ ಬರತ್ತಲ್ಲ. ಅವಳೇ ಹೇಳಿದ್ದು" ಅಂದೆ. "ಅಮ್ಮ ಹೇಳಿದ್ದಾ? ಕಾಫಿ ಅಂತ?" ಎಂದು ಮತ್ತೆ ಕೇಳಿದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ನಾಳೆ ಬೆಳಿಗ್ಗೆ ಬನ್ನಿ. ನೀವೇ ಬಂದು ನೋಡಿ" ಅಂದಳು. ಹೋಗುವಾಗ ತಿರುಗಿ, "ಜಾಸ್ತಿ ದಿನ ಇಲ್ಲ ಚಿಕ್ಕಮ್ಮ" ಅಂದಳು.

ಆಮೇಲೆ ಯಾರಿಗೆ ಏನು ಮಾರಿದೆನೋ ನೆನಪಿಲ್ಲ.

ನವೆಂಬರ್ 17, ಭಾನುವಾರ

ಭಾನುವಾರ ರಜೆ ಕೊಡುವುದಿಲ್ಲ. ಗಡಿಯಾರಕ್ಕೆ ಫೋನು ಮಾಡಿ ಬರುವುದಿಲ್ಲ ಅಂದೆ, ಇಟ್ಟೆ. ಸೆಂಟು ಹಚ್ಚಲಿಲ್ಲ. ತಲೆಗೆ ಎರಡು ಸಲ ನೀರು ಹಾಕಿಕೊಂಡೆ. ಕೋಟು ಬಿಟ್ಟು ಹೊಸ ಬಟ್ಟೆಯಲ್ಲಿ ಹೋದೆ. ಅಕ್ಕನ ಮನೆಯ ಮೆಟ್ಟಿಲು ಕಂಬಿ ಹಿಡಿದು ಹತ್ತಿದೆ.

ಭಾವ ಬಾಗಿಲು ತೆಗೆದರು. ತೆಗೆದದ್ದೇ ತಡ, ಮೂಗಿಗೆ ಬಂದದ್ದು ಕಾಫಿಯ ವಾಸನೆ. ಸೀಸೆಯದಲ್ಲ. ಆಗತಾನೇ ಕುದಿಸಿ ಇಳಿಸಿದ, ಹಾಲು ಬೆರೆಸಿದ ಕಾಫಿ. ಮನೆಯೆಲ್ಲ ಅದೇ.

ಕೋಣೆಯಲ್ಲಿ ಪುಟ್ಟಿ ಅಕ್ಕನ ತಲೆಯನ್ನು ತೋಳಿಗೆ ಆನಿಸಿಕೊಂಡು ಚಮಚದಲ್ಲಿ ಕಾಫಿ ಕುಡಿಸುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ಗುಟುಕರಿಸುತ್ತಿದ್ದಳು. ಆಸ್ಪತ್ರೆಯಲ್ಲಿದ್ದಾಗಿನಿಂದ ಅವಳ ಹೊಟ್ಟೆಯಲ್ಲಿ ನಿಲ್ಲುವುದು ಅದೊಂದೇ ಅಂತೆ. ದಿನಾ ಬೆಳಿಗ್ಗೆ ಐದಾರು ಚಮಚ. ಒಂದು ದಿನವೂ ತಪ್ಪಿಲ್ಲವಂತೆ.

ಪುಟ್ಟಿ ಎದ್ದು ಹೊರಗೆ ಹೋದಳು. ನಾನು ಗೋಡೆಗೆ ಒರಗಿಕೊಂಡು ನಿಂತೆ. ನನಗೆ ಮೊದಲು ಬಂದದ್ದು ಸಿಟ್ಟು. "ಯಾಕೆ ಹಂಗೆ ಹೇಳ್ದೆ ನಂಗೆ?" ಎಂದು ಕೇಳಿದೆ. ಸಾಯುತ್ತಿರುವವಳನ್ನು ಕೇಳುವ ಮಾತಿನ ಧಾಟಿ ಅದಲ್ಲ.

ಅಕ್ಕನ ದನಿ ತೀರಾ ಸಣ್ಣದಾಗಿತ್ತು, ಬಗ್ಗಿ ಕೇಳಬೇಕಾಯಿತು. "ಆವತ್ತು ಬಾಗ್ಲಲ್ಲಿ ನಿಂತಿದ್ಯಲ್ಲ, ನಿನ್ ಮುಖ ನೋಡ್ದೆ. ಅಮ್ಮ ಹೋಗೋ ದಿನಾನೂ ನೀನು ಹಿಂಗೇ ನಿಂತಿದ್ದೆ. ಒಳಗೆ ಬರೋಕೂ ಆಗ್ದೆ, ಓಡಿ ಹೋಗೋಕೂ ಆಗ್ದೆ. ಆವತ್ತು ಉಪ್ಪು ತಗೊಂಡ್ ಬಾ ಅಂತ ನಿನ್ನ ಅಂಗಡಿಗೆ ಕಳಿಸಿದ್ದೆ. ನೆನಪಿದ್ಯಾ? ಮನೇಲಿ ಡಬ್ಬಿ ತುಂಬಾ ಉಪ್ಪಿತ್ತು ಕಣೇ."

ನೆನಪಿದೆ. ಉಪ್ಪಿನ ಪೊಟ್ಟಣ ಹಿಡಿದು ಬಂದಾಗ ಎಲ್ಲ ಮುಗಿದಿತ್ತು. ಇಷ್ಟು ವರ್ಷ, ನಾನು ಇಲ್ಲದ ಹೊತ್ತಿನಲ್ಲಿ ಅಮ್ಮ ಹೋದಳಲ್ಲ ಎಂದು ಅಳುತ್ತಿದ್ದೆ. ಅಕ್ಕ ಒಮ್ಮೆಯೂ ಹೇಳಿರಲಿಲ್ಲ.

"ಈ ಸಲ ಉಪ್ಪು ಅಂದ್ರೆ ನಡೀತಿರ್ಲಿಲ್ಲ" ಎಂದು ತುಟಿಯ ಒಂದು ಬದಿಯಲ್ಲಿ ನಕ್ಕಳು. "ಒಂದು ವಾರ ಸುಧಾರಿಸ್ಕೊಂಡು ಬರ್ತೀಯ ಅಂದ್ಕೊಂಡಿದ್ದೆ. ನಲವತ್ತೈದು ದಿನ ಮಾಡ್ದೆ. ಲೆಕ್ಕ ನಂಗಿನ್ನೂ ಬರತ್ತೆ."

ನಾಚಿಕೆಯಾಯಿತು ಎಂದು ಬರೆದರೆ ಅದು ಬಹಳ ಸಣ್ಣ ಮಾತು. ನಲವತ್ತೈದು ದಿನ ಬಿಡದೆ ಆ ಸೀಸೆಯ ಮುಚ್ಚಳ ತೆಗೆದದ್ದು ಯಾಕೆಂದು ಈ ಪುಸ್ತಕವನ್ನು ಹಿಂದಕ್ಕೆ ತಿರುವಿದರೆ ಯಾರಿಗಾದರೂ ಗೊತ್ತಾಗುತ್ತದೆ. ಬರೆದವಳಿಗೊಬ್ಬಳಿಗೆ ಗೊತ್ತಾಗಿರಲಿಲ್ಲ, ಅಥವಾ ಗೊತ್ತಿತ್ತು. ಅಕ್ಕನ ಮೇಲೆ ಸಿಟ್ಟು ಇನ್ನೂ ಇದೆ. ನೆಪ ಕೊಡು ಎಂದು ನಾನು ಕೇಳಿದ್ದೆನೇ? ಒಳಗೆ ಬಾರೇ ಎಂದು ಗದರಿಸಿದ್ದರೆ ಬರುತ್ತಿದ್ದೆನೇನೋ. ಬರುತ್ತಿದ್ದೆನೋ ಇಲ್ಲವೋ.

ಕಾಲು ಗಂಟೆಯಾಗುವಷ್ಟರಲ್ಲಿ ಅಕ್ಕ, "ಹೊರಡು ಇನ್ನು. ನಾಳೆ ಬರ್ಬೇಡ, ಡಾಕ್ಟ್ರು ಬರ್ತಾರೆ, ಜನ ಇರ್ಬಾರ್ದಂತೆ. ನಾಡಿದ್ದು ಬಾ" ಅಂದಳು. ಆ ಮಾತು ಕೇಳಿ ಒಂದು ಕ್ಷಣ ನನ್ನ ಎದೆ ಹಗುರವಾಯಿತು. ಅದನ್ನೂ ಬರೆದಿಡುತ್ತೇನೆ, ಮುಚ್ಚಿಡುವುದಿಲ್ಲ.

ಅಡಿಗೆಮನೆಯಲ್ಲಿ ಪುಟ್ಟಿಯನ್ನು ಕೇಳಿದೆ. ಲೋಟ ತೊಳೆಯುತ್ತಾ ಅಂದಳು, "ಯಾವ ಡಾಕ್ಟ್ರು ಚಿಕ್ಕಮ್ಮ? ಇನ್ನು ಯಾರೂ ಬರಲ್ಲ."

ನವೆಂಬರ್ 18, ಸೋಮವಾರ

ಬೆಳಿಗ್ಗೆ ಏಳಕ್ಕೇ ಹೋದೆ. ಪುಟ್ಟಿ ಲೋಟ, ಚಮಚ ನನ್ನ ಕೈಗೆ ಕೊಟ್ಟಳು.

ಹಾಸಿಗೆಯ ಮೇಲೆ ಕೂತು ಅಕ್ಕನ ತಲೆಯನ್ನು ತೋಳಿಗೆ ತೆಗೆದುಕೊಂಡೆ. ತಲೆ ಎಷ್ಟು ಹಗುರ. ಉಸಿರಿತ್ತು, ಎಚ್ಚರವಿರಲಿಲ್ಲ. "ಅಕ್ಕಾ, ಕೋತಿ ಬಂದಿದೀನಿ, ಒಂಚೂರು ಬಾಯಿ ತೆಗಿ" ಅಂದೆ. ಚಮಚ ತುಟಿಗಿಟ್ಟೆ. ಒಳಗೆ ಹೋಗಲಿಲ್ಲ, ಗಲ್ಲದ ಮೇಲೆ ಇಳಿಯಿತು. ಒರೆಸಿದೆ. ಇನ್ನೊಂದು ಇಟ್ಟೆ. ಅದೂ ಇಳಿಯಿತು. ಮೂರನೆಯದಕ್ಕೆ ಭಾವ "ಸಾಕಮ್ಮ" ಅಂದರು.

ಹತ್ತು ಗಂಟೆಯವರೆಗೆ ಹಾಗೆಯೇ ಕೂತಿದ್ದೆ. ತೋಳು ಜೋಮು ಹಿಡಿದರೂ ಅಲುಗಲಿಲ್ಲ. ಪುಟ್ಟಿ ಕಾಲು ನೀವುತ್ತಿದ್ದಳು. ಬೀದಿಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದ ಸದ್ದು ಬರುತ್ತಿತ್ತು. ಹತ್ತು ದಾಟಿದ ಮೇಲೆ ಒಂದು ಉಸಿರು ಬಂತು. ಆಮೇಲಿನದು ಬರಲಿಲ್ಲ.

ಈ ಸಲ ನಾನು ಒಳಗೇ ಇದ್ದೆ. ಅವಳಿಗದು ಗೊತ್ತಾಗಲಿಲ್ಲ.